ಗಂಟೆ ಬಿಚ್ಚಿದ ಗುಡ್ಡ

ಫಸಲಿ ೧೩೪೮ರಲ್ಲಿ ನಾನು ಚಿಂಚೋಳಿಯ ಜಂಗಲಾತ್ ಕಚೇರಿಯಲ್ಲಿ ಮೊಹರಿರ್ ಆಗಿದ್ದೆ. ಜಂಗಲಾತ್ ಎಂದರೆ ಅರಣ್ಯ ಇಲಾಖೆ, ಮೊಹರಿರ್ ಎಂದರೆ ಗುಮಾಸ್ತ. ನಿಜಾಮರ ಸರ್ಕಾರದಲ್ಲಿ ವರ್ಷಕ್ಕೂ ತಿಂಗಳಿಗೂ ಬೇರೆಯೇ ಹೆಸರುಗಳಿದ್ದವು. ನಾನು ಹೇಳುತ್ತಿರುವ ದೈ ತಿಂಗಳನ್ನು ಈಗಿನ ಲೆಕ್ಕಕ್ಕೆ ತಿರುಗಿಸಿದರೆ ೧೯೩೮ರ ನವೆಂಬರಿನ ಆಸುಪಾಸು ಬರುತ್ತದೆ. ಆಸುಪಾಸು ಎಂದೇ ಬರೆಯುತ್ತೇನೆ. ನಿವೃತ್ತರು ತಮ್ಮ ನೌಕರಿಯ ಕಥೆಗಳನ್ನು ಗಳಿಗೆ ಸಮೇತ ಹೇಳುವುದನ್ನು ಕೇಳಿದ್ದೇನೆ; ಕೇಳಿದಾಗೆಲ್ಲ, ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ತೊಳೆದು ಒಪ್ಪ ಮಾಡಿದ್ದು ಎಂಬ ಅನುಮಾನ ಬರುತ್ತದೆ. ನನ್ನ ಕಥೆಯ ಮೇಲೂ ಓದುವವರು ಅದೇ ಅನುಮಾನ ಇಟ್ಟುಕೊಳ್ಳಲಿ.

ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿದ್ದ ಕೆಲಸಗಳಲ್ಲಿ ಒಂದು, ಗುಡ್ಡದ ಮೇಲಿನ ಬಂಗಲೆಯ ಉಸ್ತುವಾರಿ. ಚಿಂಚೋಳಿಯ ಕಾಡು ಸರ್ಕಾರ ಕಾದಿಟ್ಟ ಕಾಡು. ಅದರ ಅಂಚಿಗೆ, ಗುಡ್ಡದ ನೆತ್ತಿಯ ಮೇಲೆ, ಎರಡು ಕೋಣೆ, ಒಂದು ಪಡಸಾಲೆಯ ಕಲ್ಲಿನ ಬಂಗಲೆ ಇತ್ತು. ದೌರೆಗೆ, ಅಂದರೆ ತಪಾಸಣೆಯ ತಿರುಗಾಟಕ್ಕೆ ಬಂದ ಅಧಿಕಾರಿಗಳು ಅಲ್ಲಿ ಇಳಿಯುತ್ತಿದ್ದರು. ಅವರು ಬಾರದ ದಿನಗಳಲ್ಲಿ ಮೇಲಿನವರ ಗುರುತು ಇದ್ದವರಿಗೆ, ಹವೆ ಬದಲಿಸಿಕೊಳ್ಳಲಿಕ್ಕೆ, ಕೊಡುವ ರೂಢಿ ಇತ್ತು.

ಹೋಗುವವರು ಮೊದಲು ನನ್ನನ್ನೇ ಕೇಳುತ್ತಿದ್ದರು. ದಸರೆ ಆದಮೇಲೆ ಬನ್ನಿ ಎನ್ನುತ್ತಿದ್ದೆ. ಮಳೆಗಾಲದಲ್ಲಿ ಎರೆ ಮಣ್ಣು ಗಾಡಿಯ ಗಾಲಿಯನ್ನು ಹಿಡಿದರೆ ಬಿಡುವುದಿಲ್ಲ. ಬೇಸಿಗೆಯಲ್ಲಿ ತೇಗದ ಎಲೆ ಉದುರಿ ಗುಡ್ಡ ಬೆಂಕಿಯಂತೆ ಕಾಯುತ್ತದೆ, ಹಳ್ಳವೂ ಬತ್ತುತ್ತದೆ. ಸೇಡಂನಲ್ಲಿ ರೈಲು ಇಳಿದು, ನಡುವೆ ಒಂದು ರಾತ್ರಿ ತಂಗಿ, ಗಾಡಿಯಲ್ಲಿ ಬರಬೇಕು. ಅಕ್ಕಿ ಬೇಳೆ ಸೇಡಂ ಪೇಟೆಯಲ್ಲೇ ಕೊಳ್ಳಬೇಕು, ಮೇಲೆ ಕಟ್ಟಿಗೆ ಮತ್ತು ಹಾಲಿನ ಹೊರತು ಏನೂ ಸಿಗುವುದಿಲ್ಲ. ಸೊಳ್ಳೆ ಪರದೆ, ಕ್ವಿನೈನ್ ಗುಳಿಗೆ, ದಪ್ಪ ಕಂಬಳಿ, ಕಂದೀಲಿಗೆ ಬೇಕಾದ ಎಣ್ಣೆ, ಜತೆಗೆ ಒಂದು ಗಟ್ಟಿ ಕೋಲು. ಇಷ್ಟನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಮಂತ್ರದ ಹಾಗೆ ಬಾಯಿಪಾಠವಾಗಿತ್ತು.

ಆ ವರ್ಷ ಶಹಾಬಾದದಿಂದ ರಾಘವೇಂದ್ರರಾಯರು ಎಂಬುವರು ಬರುತ್ತಾರೆಂದು ಸುದ್ದಿ ಬಂತು. ಅವರು ಕಲ್ಲಿನ ಗಣಿಗಳಲ್ಲಿ ಮೇಲ್ವಿಚಾರಕರಾಗಿ ದುಡಿದು ಆಗತಾನೆ ಬಿಟ್ಟಿದ್ದರು. ಶಹಾಬಾದ ನೋಡಿದವರಿಗೆ ಗೊತ್ತು, ಆ ಊರಿನಲ್ಲಿ ಬೆಳಗಾದರೆ ಉಳಿ ಸುತ್ತಿಗೆಯ ಸದ್ದು ಶುರುವಾಗುತ್ತದೆ. ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವವರು, ಸೀಳುವವರು, ಅಂಚು ಕೆತ್ತುವವರು. ಆಯುಷ್ಯವೆಲ್ಲ ಆ ಸದ್ದಿನಲ್ಲಿ ಕಳೆದ ರಾಯರಿಗೆ ಕಿವಿ ಕೈಕೊಟ್ಟಿತ್ತು, ಸಾಲದ್ದಕ್ಕೆ ಒಳಗೆ ಏನೋ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಡಾಕ್ಟರು, ಗದ್ದಲವಿಲ್ಲದ ಕಡೆ ಒಂದಿಷ್ಟು ದಿನ ಇದ್ದು ಬನ್ನಿ ಎಂದಿದ್ದರಂತೆ. ರಾಯರು ಚಿತ್ತಾಪುರದಲ್ಲಿದ್ದ ತಮ್ಮ ಪರಿಚಯದ ಅಧಿಕಾರಿಯೊಬ್ಬರ ಹತ್ತಿರ, ಗಂಡ ಹೆಂಡತಿ ಇಬ್ಬರು ಹೋಗುತ್ತೇವೆ, ಸ್ವಲ್ಪ ಶಾಂತ ಇದ್ದರೆ ಸಾಕು ಎಂದು ಕೇಳಿಕೊಂಡಿದ್ದರು. ಕೇಳಿದ್ದು ಇಷ್ಟೇ.

ಇಲ್ಲಿ ನಮ್ಮ ಕಚೇರಿಗಳ ಒಂದು ರೀತಿಯನ್ನು ಹೇಳಬೇಕು. ಮೇಲಿಂದ ಬಂದ ಮಾತನ್ನು ಬಂದ ಹಾಗೆಯೇ ಕೆಳಗೆ ದಾಟಿಸಿದರೆ ಅದು ನಿರ್ಲಕ್ಷ್ಯ ಅನ್ನಿಸಿಕೊಳ್ಳುತ್ತಿತ್ತು. ಪ್ರತಿಯೊಬ್ಬನೂ ತನ್ನ ನಿಷ್ಠೆಯನ್ನು ಒಂದು ಹಿಡಿ ಸೇರಿಸಿ ಮುಂದಕ್ಕೆ ಕಳಿಸುತ್ತಿದ್ದ. ಚಿತ್ತಾಪುರದ ಅಧಿಕಾರಿ, ಬಂಗಲೆಯ ಹತ್ತಿರ ಯಾರೂ ಗದ್ದಲ ಮಾಡಕೂಡದು ಎಂದರು. ನಮ್ಮ ಸಾಹೇಬರು, ಆ ಗುಡ್ಡದಲ್ಲಿ ಕೊಡಲಿ ಬೀಳಕೂಡದು ಎಂದರು. ನಾನು, ಬಂಗಲೆಯ ದಾರಿಗೆ ಗಾಡಿ ಬಿಡಬೇಡ ಎಂದೆ. ಕೊನೆಗೆ ಹುಕುಂ ಬಂಗಲೆಯ ಚೌಕೀದಾರ ಮೌಲಾಸಾಬನ ಕೈಗೆ ಬಂತು. ಅವನ ಕೆಳಗೆ ಯಾರೂ ಇರಲಿಲ್ಲವಾದ್ದರಿಂದ ಅವನು ತನ್ನ ಪಾಲಿನದನ್ನು ಮೂಕ ಪ್ರಾಣಿಗಳ ಮೇಲೆ ಜಾರಿ ಮಾಡಿದ.

ನಾನು ಬಂದೋಬಸ್ತ್ ನೋಡಲು ಮೇಲೆ ಹೋದಾಗ ಅವನು ಬಹಳ ಖುಷಿಯಲ್ಲಿದ್ದ. ನಾಯಿಯನ್ನು ಬೀಗರ ಊರಿಗೆ ಕಳಿಸಿಯಾಗಿತ್ತು. ಅವನ ಹುಂಜ ಎಲ್ಲಿ ಎಂದು ಕೇಳಿದೆ.

"ಅದರ ಬಾಯಿ ಹ್ಯಾಂಗ ಮುಚ್ಚಸ್ಬೇಕು ಮುನ್ಶಿಜಿ? ಸಾರು ಮಾಡಿ ಮುಚ್ಚಸ್ದೆ."

ಆಮೇಲೆ ಅವನು ಹಿಂದಿನ ಸಾಮಾನಿನ ಕೋಣೆ ತೆಗೆದು ತೋರಿಸಿದ. ಮೂಲೆಯಲ್ಲಿ ಮರದ ಗಂಟೆಗಳ ರಾಶಿ ಇತ್ತು. ಗುಡ್ಡದ ಆಚೆ ಮಗ್ಗುಲಿನ ಲಂಬಾಣಿ ತಾಂಡಾದ ದನಗಳ ಕೊರಳಿನವು. ಟೊಳ್ಳು ಮಾಡಿದ ಕಟ್ಟಿಗೆ, ಒಳಗೆ ಎರಡು ಕಟ್ಟಿಗೆಯ ನಾಲಗೆ. ದನ ತಲೆ ಆಡಿಸಿದರೆ ಟೊಕ್ ಟೊಕ್ ಎನ್ನುತ್ತದೆ, ದೂರದವರೆಗೂ ಕೇಳುತ್ತದೆ. ರಾಯರು ಹೋಗುವ ತನಕ ದನಗಳು ಸದ್ದಿಲ್ಲದೆ ಮೇಯಬೇಕೆಂದು ತಾಂಡಾಕ್ಕೆ ಹೋಗಿ, ಸರ್ಕಾರದ ಹುಕುಂ ಎಂದು ಹೇಳಿ, ಬಿಚ್ಚಿಸಿ ತಂದಿದ್ದ. ಆ ಕಾಲದಲ್ಲಿ ಅದು ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ನಾನು ಶಾಬಾಸ್ ಎಂದೆನೋ ಸುಮ್ಮನಿದ್ದೆನೋ ನೆನಪಿಲ್ಲ.

ಇಬ್ಬರಿಗೆಂದು ಎರಡು ಮಂಚ ಹಾಕಿಸಿದ್ದೆವು. ರಾಯರು ಒಬ್ಬರೇ ಬಂದರು.

ಎತ್ತರದ ಮನುಷ್ಯ, ಕಪ್ಪು ಟೊಪ್ಪಿಗೆ, ಮುಚ್ಚುಕೋಟು. ಗಾಡಿ ಇಳಿದವರೇ ಪಡಸಾಲೆಯ ನೆಲವನ್ನು ಕೋಲಿನಿಂದ ಒಮ್ಮೆ ಕುಟ್ಟಿ, ನಮ್ಮ ಊರಿನ ಕಲ್ಲೇ ಎಂದು ನಕ್ಕರು. ಅವರೊಂದಿಗೆ ಮಾತಾಡುವುದು ಕಷ್ಟವಾಗಿತ್ತು. ಎಡಗಿವಿಗೆ ಬಾಯಿ ಹಚ್ಚಿ ಹೇಳಿದರೆ ಸ್ವಲ್ಪ ಕೇಳುತ್ತಿತ್ತು. ಉಳಿದದ್ದನ್ನು ಅವರು ಎದುರಿನವರ ತುಟಿ ನೋಡಿ ಊಹಿಸುತ್ತಿದ್ದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಸೋತು, "ಶರಣಪ್ಪ, ನಿನ್ನ ಮೀಸಿ ಅಡ್ಡ ಬರ್ತದಪ್ಪ" ಎಂದರು.

ಅವರು ಮಡಿಯವರು, ಬೇರೆಯವರ ಕೈಯ ಅಡಿಗೆ ಉಣ್ಣದೆ ತಾವೇ ಮಾಡಿಕೊಳ್ಳುತ್ತಿದ್ದರು. ಅಡಿಗೆ ಹೆಂಡತಿ ಮಾಡುವುದೆಂದು ಮೊದಲಿನ ಏರ್ಪಾಟಿತ್ತು. ಆಕೆ ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ. ಮೌಲಾಸಾಬ ಕಟ್ಟಿಗೆ ಒಡೆದು ಇಟ್ಟು ಬಾಗಿಲಿನಿಂದಲೇ ತಿರುಗುತ್ತಿದ್ದ. ನೀರನ್ನು ರಾಯರೇ ಸೇದಿಕೊಳ್ಳುತ್ತಿದ್ದರು. ನಾನು ಕೆಳಗೆ ಚಿಂಚೋಳಿಯಲ್ಲಿದ್ದು ಎರಡು ದಿನಕ್ಕೊಮ್ಮೆ ಹೋಗಿ ನೋಡಿ ಬರಬೇಕಿತ್ತು. ಹೀಗಾಗಿ ಆ ಮನುಷ್ಯ ನಾವು ತಯಾರಿಸಿ ಕೊಟ್ಟ ಶಾಂತತೆಯೊಳಗೆ ಪೂರ್ತಿ ಒಬ್ಬರೇ ಉಳಿದರು.

ಎರಡನೆಯ ಸಲ ಹೋದಾಗ ಅವರು ಪಡಸಾಲೆಯ ಮೆಟ್ಟಿಲ ಮೇಲೆ ಕಾಡಿಗೆ ಮುಖ ಮಾಡಿ ಕೂತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ನಾನೂ ಒಂದಿಷ್ಟು ಹೊತ್ತು ಸುಮ್ಮನೆ ನಿಂತೆ. ಕೊಡಲಿ ಇಲ್ಲ, ಗಾಡಿ ಇಲ್ಲ, ನಾಯಿ ಇಲ್ಲ, ಗಂಟೆ ಇಲ್ಲ. ಎಳೆ ಬಿಸಿಲಿನಲ್ಲಿ ಬಿದಿರಿನ ಮೆಳೆಗಳು ಮಾತ್ರ ಅಲುಗಾಡುತ್ತಿದ್ದವು. ಕಿವಿ ನೆಟ್ಟಗಿದ್ದ ನನಗೇ ಅಲ್ಲಿ ನಿಲ್ಲಲಾಗಲಿಲ್ಲ. ಮುಂದೆ ಹೋಗಿ, ಹೇಗಿದ್ದೀರಿ ಎಂದು ಎಡಗಿವಿಯಲ್ಲಿ ಕೇಳಿದೆ.

"ಕಿವ್ಯಾಗ ಒಂದು ಜೀರುಂಡಿ ಕುಂತದ" ಎಂದರು. "ಶಹಾಬಾದದಾಗ ಕಲ್ಲಿನ ಗದ್ದಲಕ್ಕ ಅಂಜಿ ಸುಮ್ನಿರ್ತಿತ್ತು. ಇಲ್ಲಿ ಅದರದೇ ರಾಜ್ಯ ಆಗ್ಯದ."

ನಾನು ಇನ್ನೂ ಶಾಂತ ಮಾಡಿಸುತ್ತೇನೆ ಎಂಬ ಅರ್ಥದಲ್ಲಿ ಕೈ ಸನ್ನೆ ಮಾಡಿದೆ. ಇನ್ನೇನನ್ನು ಶಾಂತ ಮಾಡಿಸುವುದಿತ್ತೋ!

ಮುಂದಿನ ಸಲ ನಾನು ಮೇಲೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮೌಲಾಸಾಬ ದಾರಿಯಲ್ಲೇ ಎದುರಾದ, ಮುಖ ಬಿಳಚಿಕೊಂಡಿತ್ತು. ರಾಯರು ಬೆಳಿಗ್ಗೆ ಸ್ನಾನ ಮುಗಿಸಿ ಕೋಲು ಹಿಡಿದು ಹೋದವರು ಊಟದ ಹೊತ್ತು ಮೀರಿದರೂ ಬಂದಿಲ್ಲ. ಒಲೆಯ ಮೇಲೆ ಇಡಬೇಕಾದ ಅಕ್ಕಿ ಪಾತ್ರೆಯಲ್ಲಿ ನೆನೆದು ಹಾಗೆಯೇ ಇದೆ.

ಆ ಕಾಡಿನ ವಿಷಯ ಗೊತ್ತಿಲ್ಲದವರಿಗೆ ಇದೇನು ಮಹಾ ಅನ್ನಿಸೀತು. ಗುಡ್ಡ ದೊಡ್ಡದಲ್ಲ, ಆದರೆ ಮಳೆಗಾಲ ಮುಗಿದ ಹೊಸದರಲ್ಲಿ ಹುಲ್ಲು ಆಳೆತ್ತರ ಇರುತ್ತದೆ. ಬಿದಿರಿನ ಸಂದಿಗಳು ಒಂದರಂತೆ ಒಂದು. ಹಳ್ಳಗಳು ಕವಲೊಡೆದು ಮನುಷ್ಯನನ್ನು ಸುತ್ತಿಸುತ್ತವೆ. ಕರಡಿಗಳಿದ್ದವು, ಚಿರತೆಯೂ ಇತ್ತು. ಯಾರಾದರೂ ದಾರಿ ತಪ್ಪಿದರೆ ನಾವು ಮಾಡುತ್ತಿದ್ದುದು ಒಂದೇ: ದಿಬ್ಬ ಹತ್ತಿ ಕೂಗು ಹಾಕುವುದು. ನಾನೂ ಮೌಲಾಸಾಬನೂ ಗಂಟಲು ಹರಿಯುವಂತೆ ಕೂಗಿದೆವು. ಕೂಗುತ್ತ ಕೂಗುತ್ತ ಮೌಲಾಸಾಬ ಥಟ್ಟನೆ ನಿಂತು ನನ್ನ ಮುಖ ನೋಡಿದ.

"ಮುನ್ಶಿಜಿ, ನಾವು ಯಾರಿಗಿ ಒದರಲಿಕತ್ತೀವಿ?"

ಕೂಗಿದರೆ ಕೇಳದ ಮನುಷ್ಯ ಕಾಡಿನಲ್ಲಿದ್ದ. ಹಗಲು ಇಳಿಯುತ್ತಿತ್ತು. ಕತ್ತಲಾದರೆ ಅವರನ್ನು ಜೀವಂತ ನೋಡುವ ಭರವಸೆ ನನಗಿರಲಿಲ್ಲ.

ಜನ ಬೇಕೆಂದು ತಾಂಡಾಕ್ಕೆ ಓಡಿದೆವು. ಅಲ್ಲಿ ಥಾವರೂ ನಾಯಕ ಆಗಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಕೂತಿದ್ದ. ತಾಂಡಾದ ಹಿರಿಯ ಅವನು. ಗಂಟೆ ಬಿಚ್ಚಿದ ಮೇಲೆ ದನಗಳು ಎಲ್ಲೆಲ್ಲಿ ಮೇಯುತ್ತವೆಂದು ತಿಳಿಯುತ್ತಿರಲಿಲ್ಲ. ಹಿಂದಿನ ಸಂಜೆ ಅವನದೇ ಒಂದು ಹಸು ಹಿಂಡಿನಿಂದ ತಪ್ಪಿ ಹೋಗಿತ್ತು; ಗಬ್ಬದ ಹಸು. ಮೌಲಾಸಾಬ, ಬಂಗಲೆಗೆ ಬಂದ ಸಾಹೇಬರು ಕಾಡಿನಲ್ಲಿ ಕಳೆದುಹೋಗಿದ್ದಾರೆ ಎಂದ. ಥಾವರೂ ನಾಯಕ ಎದ್ದೇ ನಿಂತ.

"ನಿಮ್ಮ ಸಾಹೇಬಗ ಕಾಲು ಅವ, ಬಾಯಿ ಅದ. ನನ್ನ ಹಸೂಗ ಇದ್ದ ಒಂದು ಬಾಯಿ ನೀ ಕೊರಳಾಗಿಂದ ಬಿಚ್ಕೊಂಡು ಹೋದಿ ಮೌಲಾ. ಮೊದಲ ಗಂಟಿ ಕೊಡು. ಹಸು ಹುಡುಕ್ತೀವಿ. ನಡುವ ನಿಮ್ಮ ಸಾಹೇಬ ಸಿಕ್ರ ತಗೊಂಡು ಹೋಗ್ರಿ."

ಬೇರೆ ದಾರಿ ಇರಲಿಲ್ಲ. ಮೌಲಾಸಾಬ ಮರುಮಾತಿಲ್ಲದೆ ಹೋಗಿ ಗಂಟೆಗಳನ್ನು ಚೀಲದಲ್ಲಿ ಹೊತ್ತು ತಂದ. ತಾಂಡಾದ ಗಂಡಸರು ಹೆಂಗಸರು ಕೂಡಿ, ಬೈಯುತ್ತಲೇ, ಒಂದೊಂದು ದನದ ಕೊರಳಿಗೆ ಒಂದೊಂದನ್ನು ಕಟ್ಟಿದರು. ಯಾವ ಗಂಟೆ ಯಾವ ದನದ್ದೆಂದು ಅವರೊಳಗೇ ಜಗಳ ಹತ್ತಿತು. ನಾನು ಸೂರ್ಯನನ್ನು ನೋಡುತ್ತ ನಿಂತಿದ್ದೆ. ಕೊನೆಗೆ ಇಡೀ ಹಿಂಡನ್ನು ಅಡ್ಡ ಸಾಲಾಗಿ ಗುಡ್ಡಕ್ಕೆ ಹೊಡೆದರು. ಕಳೆದ ಹಸು ತನ್ನ ಹಿಂಡಿನ ಸದ್ದು ಕೇಳಿದರೆ ತಾನಾಗಿ ಬಂದು ಕೂಡುತ್ತದೆ, ಅದು ಅವರ ವಾಡಿಕೆ.

ಎಷ್ಟೋ ದಿನ ಮೂಗಾಗಿದ್ದ ಗುಡ್ಡ ಟೊಕ್ ಟೊಕ್ ಎಂದು ಬಡಿದುಕೊಳ್ಳತೊಡಗಿತು. ನಾವು ಹಿಂಡಿನ ಹಿಂದೆ ನಡೆದೆವು. ಎರಡು ಹಳ್ಳ ದಾಟಿ ಮೂರನೆಯದರ ದಂಡೆಗೆ ಬಂದಾಗ ಎದುರಿನ ಹುಲ್ಲು ಅಲುಗಿತು. ಮೊದಲು ಹಸು ಬಂತು. ಅದರ ಹಿಂದೆ, ಟೊಪ್ಪಿಗೆ ಇಲ್ಲದೆ, ಕೋಟಿನ ಒಂದು ತೋಳು ಹರಿದು, ರಾಯರು ಬಂದರು. ರಾಯರೇ ಮೊದಲು ಬಂದರು, ಹಸು ಹಿಂದೆ ಇತ್ತು ಎಂದು ಮೌಲಾಸಾಬ ಸಾಯುವವರೆಗೂ ವಾದಿಸುತ್ತಿದ್ದ. ಈಗ ನನಗೂ ಖಾತ್ರಿ ಇಲ್ಲ. ಇಬ್ಬರೂ ಒಂದೇ ಸಂದಿಯಿಂದ ಬಂದದ್ದು ಮಾತ್ರ ನಿಜ. ಥಾವರೂ ನಾಯಕ ಹಸುವಿನ ಹತ್ತಿರ ಓಡಿದ, ನಾನು ರಾಯರ ಹತ್ತಿರ.

ಅವರು ನನ್ನನ್ನು ನೋಡಲಿಲ್ಲ. ದನಗಳ ಕೊರಳನ್ನೇ ನೋಡುತ್ತಿದ್ದರು.

"ಇವೇನು?" ಎಂದರು. "ಇಲ್ಲೆಲ್ಲೋ ಕಲ್ಲು ಒಡೀಲಿಕತ್ತಾರ, ಮಂದಿ ಇದ್ದಾರ ಅಂತ ಬಂದೆ ನಾ."

ಒಂದು ಹಸುವಿನ ಗಂಟೆಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದರು. ಕಿವಿಯ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಅಲುಗಾಡಿಸಿದರು. ಮನುಷ್ಯರ ಕೂಗು ಕೇಳದ ಆ ಕಿವಿಗೆ ಮರದ ಆ ಮೊಂಡು ಸದ್ದು ಗುಡ್ಡದ ಆಚೆಯಿಂದಲೂ ಮುಟ್ಟಿತ್ತು. ಯಾಕೆಂದು ಆಗ ನಮಗೆ ಯಾರಿಗೂ ತಿಳಿಯಲಿಲ್ಲ. ಕಿವಿ ಕೆಟ್ಟಾಗ ಏರು ಶ್ರುತಿಯ ಸಣ್ಣ ದನಿ ಮೊದಲು ಹೋಗುತ್ತದೆ, ತಗ್ಗು ಶ್ರುತಿಯ ದಪ್ಪ ದನಿ ಉಳಿಯುತ್ತದೆ ಎಂದು ಬಹಳ ವರ್ಷದ ಮೇಲೆ ಹೈದರಾಬಾದಿನ ಡಾಕ್ಟರೊಬ್ಬರು ನನಗೆ ಹೇಳಿದರು.

ಬಂಗಲೆಗೆ ಬಂದು ನೀರು ಕುಡಿದ ಮೇಲೆ ರಾಯರು ತಾವಾಗಿಯೇ ಹೇಳಿದರು. ಅವರು ದಾರಿ ತಪ್ಪಲೆಂದು ಹೋದವರಲ್ಲ. ಎಲ್ಲಾದರೂ ಒಂದು ಸದ್ದು ಸಿಗುತ್ತದೇನೋ ಎಂದು ಹೊರಟಿದ್ದರು. ಹಳ್ಳದಲ್ಲಿ ಒಂದು ಕಡೆ ಬಂಡೆಯ ಮೇಲಿಂದ ನೀರು ಬೀಳುತ್ತದೆ, ಅಲ್ಲಿಯವರೆಗೆ ಹೋಗಿದ್ದರು.

"ನೀರು ಬೀಳೂದು ಕಂಡೆ, ಶರಣಪ್ಪ. ಕೇಳ್ಸಲಿಲ್ಲ. ಹತ್ರ ಹೋದೆ. ಮೈ ತೋಯ್ತು, ಆದರೂ ಕೇಳ್ಸಲಿಲ್ಲ. ಅಲ್ಲಿಂದ ಯಾವ ಕಡಿ ಹೊಂಟೆ ಅಂಬೂದು ನನಗ ಗೊತ್ತಿಲ್ಲ."

ಆಮೇಲೆ, ನಾನು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಟ್ಟರು. ಹೊರಡುವ ದಿನ ಹೆಂಡತಿ ಸುಂದರಾಬಾಯಿಯವರು ಕಟ್ಟಿದ ಗಂಟನ್ನು ಬಿಚ್ಚಿ, ಇವರ ಕಿವಿಗೆ ಬಾಯಿ ಹಚ್ಚಿ ಬರುವುದಿಲ್ಲ ಎಂದಿದ್ದರು.

"'ಇಲ್ಲಿ ಕಲ್ಲಿನ ಗದ್ದಲದಾಗ ನನ್ನ ಮಾತು ಕೇಳ್ಸೂದಿಲ್ಲ ಅಂತ ತಿಳ್ಕೊಂಡೀನಿ. ಸದ್ದೇ ಇಲ್ಲದ ಜಾಗಾದಾಗೂ ಕೇಳ್ಸದಿದ್ರ ನಾ ಏನಂತ ತಿಳ್ಕೊಳ್ಲಿ?' ಅಂದ್ಲು. ಅಕಿ ಖರೇನ ಅಂದ್ಲು."

ಇನ್ನೂ ಕೆಲವು ದಿನ ರಾಯರು ಅಲ್ಲಿದ್ದರು. ಥಾವರೂ ನಾಯಕನ ಹಿಂಡು ಬಂಗಲೆಯ ಸುತ್ತ ಮೇಯುತ್ತಿತ್ತು. ಮೌಲಾಸಾಬ ಈಗ ಅದನ್ನೂ ಹುಕುಂ ಮಾಡಿಬಿಟ್ಟಿದ್ದ, ಆಚೆ ಮಗ್ಗುಲಿಗೆ ಹೋದ ದನವನ್ನು ತಿರುಗಿ ಅಟ್ಟಿಕೊಂಡು ಬರುತ್ತಿದ್ದ. ಹೋಗುವಾಗ ರಾಯರು ಒಂದು ಗಂಟೆ ಕೇಳಿದರು. ಥಾವರೂ ನಾಯಕ ಹೊಸದೊಂದನ್ನು ಕೊರೆದು ಕೊಟ್ಟ. ದನಕ್ಕೋ, ಮನಿಗೋ ಎಂದು ಕೇಳಿದ. ರಾಯರಿಗೆ ಅದು ಕೇಳಲಿಲ್ಲ.

ಮಾರನೆಯ ವರ್ಷ ರಜೆಯ ಮೇಲೆ ನನ್ನ ಊರು ನಾಲವಾರಕ್ಕೆ ಹೋಗುತ್ತ, ವಾಡಿಯಲ್ಲಿ ಊರಿನ ಕಡೆಯ ರೈಲು ಹಿಡಿಯುವ ಬದಲು ಶಹಾಬಾದಕ್ಕೆ ಹೋದೆ. ರಾಯರ ಮನೆ ಕಲ್ಲು ಸೀಳುವ ಅಂಗಳಗಳಿದ್ದ ಬೀದಿಯಲ್ಲೇ ಇತ್ತು. ಗಂಟೆ ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ತೂಗುತ್ತಿತ್ತು. ಹೆಂಡತಿ ಕರೆಯಬೇಕಾದಾಗ ಅದನ್ನು ಅಲುಗಾಡಿಸಲಿ ಎಂದು ರಾಯರು ಕಟ್ಟಿದ್ದರು. ಅದರ ಮೇಲೆ ಧೂಳು ಕೂತಿತ್ತು. ನಾನು ಅದನ್ನು ನೋಡುವುದನ್ನು ಕಂಡು ರಾಯರು, "ಅಕಿ ಮುಟ್ಟಂಗಿಲ್ಲ" ಎಂದು ನಕ್ಕರು.

ಸುಂದರಾಬಾಯಿಯವರು ಒಳಗಿನಿಂದಲೇ, ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಹೆಸರು ಹಿಡಿದಂತೂ ಎಂದೂ ಕರದಾಕಿ ಅಲ್ಲ ನಾ. ರೀ ಅಂತಿದ್ದೆ, ತಿರುಗಿ ನೋಡ್ತಿದ್ರು. ಈಗ ದನಕ್ಕ ಕಟ್ಟೂ ಗಂಟಿ ಬಾರಿಸಿ ಕರೀಲೇನ್ರಿ?"

"ಏನಂತಾಳ?" ಎಂದು ರಾಯರು ನನ್ನ ತುಟಿ ನೋಡಿದರು.

ನಾನು ಅವರ ಎಡಗಿವಿಗೆ ಬಾಗಿ, "ರೀ ಅಂತಾರ್ರಿ" ಎಂದೆ. ಅವರು ತಿರುಗಿ ಅಡಿಗೆಮನೆಯ ಕಡೆ ನೋಡಿದರು. ಸುಂದರಾಬಾಯಿಯವರು ಬಾಗಿಲಲ್ಲಿ ಬಂದು ನಿಂತಿದ್ದರು. ನಾನು ಚಹಾ ಮುಗಿಸಿ ಎದ್ದೆ.

ಬೀದಿಯ ತಿರುವು ಮುಟ್ಟಿದಾಗ ಹಿಂದಿನಿಂದ ಟೊಕ್ ಎಂದಿತು. ಸ್ವಲ್ಪ ತಡೆದು ಇನ್ನೊಂದು ಸಲ. ಕಲ್ಲಿನ ಅಂಗಳಗಳಲ್ಲಿ ಅದು ಊಟದ ಬಿಡುವಿನ ಹೊತ್ತು, ಎಲ್ಲಿಯೂ ಉಳಿಯ ಸದ್ದು ಏಳುತ್ತಿರಲಿಲ್ಲ. ಊಟದ ಬಿಡುವು ಎಂಬುದು ಆಗಲೇ ಗಮನಿಸಿದ್ದೋ, ಅಥವಾ ಆ ಸದ್ದು ಗಂಟೆಯದೇ ಆಗಿರಲಿ ಎಂದು ಇಷ್ಟು ವರ್ಷಗಳಲ್ಲಿ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ. ತಿರುಗಿ ಹೋಗಿ ನೋಡಬಹುದಿತ್ತು. ನೋಡಲಿಲ್ಲ.

ಆ ಮೇಲೆಯೂ ಚಿಂಚೋಳಿಯಲ್ಲಿ ನನ್ನ ನೌಕರಿ ಉಳಿದಿತ್ತು, ಬಂಗಲೆಗೆ ಜನ ಬರುತ್ತಲೇ ಇದ್ದರು. ದಸರೆ ಆದಮೇಲೆ ಬನ್ನಿ, ಕ್ವಿನೈನ್ ತನ್ನಿ, ಕಂಬಳಿ ಮರೆಯಬೇಡಿ ಎಂದು ಮೊದಲಿನಂತೆಯೇ ಹೇಳುತ್ತಿದ್ದೆ. ಯಾರಾದರೂ ಸ್ವಲ್ಪ ಶಾಂತ ಇರಲಿ ಎಂದರೆ ಮಾತ್ರ ಆ ಮಾತನ್ನು ನನ್ನ ಮೇಜಿನ ಮೇಲೆಯೇ ಇಟ್ಟುಕೊಳ್ಳುತ್ತಿದ್ದೆ, ಗುಡ್ಡಕ್ಕೆ ಕಳಿಸುತ್ತಿರಲಿಲ್ಲ. ಒಬ್ಬರೇ ಬರುವವರಿದ್ದರೆ ಮೌಲಾಸಾಬನಿಗೆ ಹೇಳಿ ತಾಂಡಾದ ಹಿಂಡನ್ನು ಬಂಗಲೆಯ ಮಗ್ಗುಲಿಗೆ ಮೇಯಲು ಬಿಡಿಸುತ್ತಿದ್ದೆ. ಗದ್ದಲವೆಂದು ದೂರಿದವರು ಇದ್ದರು. ಕಾಡಿನಲ್ಲಿ ದನಕ್ಕೆ ಗಂಟೆ ಇರಲೇಬೇಕೆಂದು ಸರ್ಕಾರದ ಹುಕುಂ ಇದೆ ಎನ್ನುತ್ತಿದ್ದೆ. ಅಂಥ ಹುಕುಂ ಯಾವುದೂ ಇರಲಿಲ್ಲ.